ಹುಳದ ಮೇಡಂ ಮತ್ತು ನಮ್ಮ ತೋಡು

ಕಳೆದ ವರ್ಷ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಎದ್ದು ಅವರ ಸರಳತೆ, ಶಿಸ್ತು, ತ್ಯಾಗಗಳನ್ನು ಹೊಗಳಿದರು. ಮೇಡಂ ಅದ್ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಹೂದಾನಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ಅದರ ನೀರಿನೊಳಗೆ ಏನನ್ನೋ ನೋಡುತ್ತಿದ್ದರು. ಕೊನೆಗೆ ಅವರ ಸರದಿ ಬಂದಾಗ ಮೈಕಿನ ಮುಂದೆ ನಿಂತು, ಸಭೆಗೆ ಒಂದು ನಮಸ್ಕಾರವನ್ನೂ ಹೇಳದೆ, "ಈ ನೀರ್ ಯಾವತ್ತ್ ಹಾಕದ್ದ್?" ಎಂದು ಕೇಳಿದರು.

ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಗಾಬರಿಯಿಂದ, "ಹೋದ ವಾರದ ಕಾರ್ಯಕ್ರಮಕ್ಕೆ ಹಾಕದ್ದ್ ಮೇಡಂ" ಎಂದ.

"ಸೊಳ್ಳೆ ಮರಿ ಆಯ್ತ್ ಕಾಣಿ. ಚೆಲ್ಲಿ ಬಿಡಿ" ಎಂದರು. ಆಮೇಲೆ ಎಲ್ಲರಿಗೂ ಧನ್ಯವಾದ ಹೇಳಿ ಕೂತರು. ಒಂದು ಇಡೀ ವೃತ್ತಿಜೀವನದ ಕೊನೆಗೆ ಅವರು ಮಾಡಿದ ಭಾಷಣ ಅಷ್ಟೇ.

ಅವರ ಹೆಸರು ಬರೆಯುವುದಿಲ್ಲ. ನಿಮ್ಮ ಬಗ್ಗೆ ಏನಾದರೂ ಬರೆಯಲೇ ಎಂದು ಒಮ್ಮೆ ಕೇಳಿದ್ದೆ. "ನನ್ನ ವಿಷಯ ಎಂತ ಇತ್ತ್ ಬರೂಕೆ? ನೀರ್ ದುಂಬಿ ವಿಷಯ ಬರೀರಿ" ಎಂದಿದ್ದರು. ದುಂಬಿಯ ವಿಷಯ ಬರೆಯಲು ಹೊರಟರೆ ಮೇಡಂ ಬಾರದೆ ಇರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಅವರು ಹಿಂಬಾಗಿಲಿನಿಂದ ಬಂದಿದ್ದಾರೆ ಎಂದುಕೊಳ್ಳಿ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಮನೆ ಬ್ರಹ್ಮಾವರದಲ್ಲಿ, ಕಾಲೇಜು ಕುಂದಾಪುರದಲ್ಲಿ. ಮೇಡಂ ಕೂಡ ಬ್ರಹ್ಮಾವರದಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತು, ಪರಿಚಯ ಹೇಳಿಕೊಳ್ಳುವ ಮೊದಲೇ ನನ್ನ ಕೈಗೆ ಒಂದು ಉಪ್ಪಿನಕಾಯಿ ಬಾಟಲಿ ಕೊಟ್ಟರು. "ಮಾಷ್ಟ್ರೆ, ಒಂದ್ ಗಳ್ಗಿ ಹಿಡ್ಕಣಿ. ಮುಚ್ಚಳ ಗಟ್ಟಿ ಹಾಕ್ಬೇಡಿ, ಉಸ್ರ್ ಕಟ್ತ್" ಎಂದರು. ಉಸಿರು ಕಟ್ಟುವುದು ಯಾರಿಗೆ ಎಂದು ಬಾಟಲಿಯನ್ನು ಎತ್ತಿ ನೋಡಿದೆ. ಕೆಸರು ನೀರಿನಲ್ಲಿ ಹುಣಸೆ ಬೀಜದಂಥ ಕಪ್ಪು ದುಂಬಿಗಳು ಮೇಲೆ ಕೆಳಗೆ ಈಜಾಡುತ್ತಿದ್ದವು. ಅಷ್ಟರಲ್ಲಿ ಬಸ್ಸು ಹೊಂಡಕ್ಕೆ ಇಳಿಯಿತು. ಮುಚ್ಚಳ ಜಾರಿ ಒಂದು ದುಂಬಿ ಹೊರಗೆ ಬಂತು. ಗಾಜಿನ ಅಂಚಿನಲ್ಲಿ ಕೂತು ರೆಕ್ಕೆ ಒಣಗಿಸಿಕೊಂಡು, ಭರ್ರನೆ ಹಾರಿ, ಮುಂದಿನ ಸೀಟಿನಲ್ಲಿ ಮದುವೆಗೆ ಹೊರಟಿದ್ದವರೊಬ್ಬರ ಬಿಳಿ ಅಂಗಿಯ ಕಾಲರಿನ ಮೇಲೆ ಕೂತಿತು. ಅವರು ಕೂಗಿ ಎದ್ದರು, ಅವರ ಹೆಂಡತಿ ಅವರಿಗಿಂತ ಜೋರಾಗಿ ಕೂಗಿದರು. ಮೇಡಂ ಮಾತ್ರ ನನ್ನ ಕಡೆಗೆ ತಿರುಗಿ ಉತ್ಸಾಹದಿಂದ, "ಹಾರಿದ್ ಕಂಡ್ರಿಯಾ? ಎಷ್ಟ್ ಲಾಯ್ಕ್ ಹಾರ್ತ್ ಅಲ್ದಾ?" ಎಂದರು.

ಕಂಡಕ್ಟರನಿಗೆ ಇದು ಹೊಸತೇನಲ್ಲ. ಬಾಗಿಲಿನಲ್ಲಿ ನಿಂತುಕೊಂಡೇ, "ಎಂತದೂ ಮಾಡೂದಿಲ್ಲೆ ಮಾರಾಯ್ರೆ, ಅದ್ ಹುಳದ್ ಮೇಡಂದ್" ಎಂದು ಸಮಾಧಾನ ಹೇಳಿದ. ಅವನ ದನಿಯಲ್ಲಿ, ಪರಿಚಯದವರ ಮನೆಯ ನಾಯಿಯ ಬಗ್ಗೆ ಹೇಳುವ ಸಲುಗೆಯಿತ್ತು.

ಸಾಲಿಗ್ರಾಮ ದಾಟಿದ ಮೇಲೆ ನನಗೆ ಮೊದಲ ಪಾಠವಾಯಿತು, ಕೆರೆಯ ಹುಳಕ್ಕೂ ತೋಡಿನ, ಎಂದರೆ ಗುಡ್ಡದಿಂದ ಹರಿದು ಬರುವ ಸಣ್ಣ ಹಳ್ಳದ, ಹುಳಕ್ಕೂ ಇರುವ ವ್ಯತ್ಯಾಸದ ಬಗ್ಗೆ. "ಕೆರೆ ನೀರಿಗ್ ಭರವಸೆ ಇಲ್ಲೆ ಮಾಷ್ಟ್ರೆ. ಇವತ್ತ್ ಇತ್ತ್, ಬ್ಯಾಸ್ಗಿಗೆ ಒಣಗ್ತ್. ಇಲ್ದಿರೆ ಹೂಳ್ ತುಂಬ್ತ್. ಅಲ್ಲಿಪ್ಪ ಹುಳಕ್ಕೆ ಹಾರ್ದೆ ಗತಿ ಇಲ್ಲೆ, ಮತ್ತೊಂದ್ ಕೆರೆ ಹುಡ್ಕಂಡ್ ಹೋಪ್ದೇ. ತೋಡಿನ್ ಹುಳಕ್ಕೆ ಆ ಚಿಂತೆ ಇಲ್ಲೆ. ಅದರ್ ಅಜ್ಜನ ಅಜ್ಜನ ಕಾಲದಿಂದ್ಲೂ ಅದೇ ಕಲ್ಲಿನಡಿಗೆ ನೀರ್ ಹರೀತಾ ಇತ್ತ್. ಅದ್ ಎಲ್ಲಿಗೂ ಹೋಪ್ದಿಲ್ಲೆ." ತೆಕ್ಕಟ್ಟೆ ಬರುವಷ್ಟರಲ್ಲಿ ನನಗೆ ಒಂದಷ್ಟು ಅರ್ಥವಾಗಿತ್ತು, ಮುಂದಿನ ಸೀಟಿನವರಿಗೂ ಆಗಿತ್ತು. ಅವರು ಇಳಿಯುವಾಗ ಕಾಲರನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಮೇಡಂ ಹುಟ್ಟಿದ್ದು ಕಿರಿಮಂಜೇಶ್ವರದ ಕಡಲ ಬದಿಯಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ. ಅಣ್ಣಂದಿರಿಬ್ಬರೂ ದೋಣಿಗೆ ಹೋಗುವವರು, ತಾಯಿ ಬುಟ್ಟಿ ಹೊತ್ತು ಮೀನು ಮಾರಿ ಇವರನ್ನು ಓದಿಸಿದವರು. ಒಮ್ಮೆ ನಾನು ಆ ಮನೆಗೆ ಹೋಗಿದ್ದಾಗ ಮುದುಕಿ ನನ್ನನ್ನು ಕೂರಿಸಿಕೊಂಡು ಮಗಳ ಮೇಲೆ ದೂರು ಹೇಳಿದರು. "ಕಡಲ್ ಇಷ್ಟ್ ದೊಡ್ಡದಿತ್ತ್, ಇವ್ಳಿಗೆ ತೋಡೇ ಸಿಕ್ಕದ್ದಾ? ನಮ್ಮನೆ ಗಂಡಸ್ರ್ ಬಲಿ ಹಾಕ್ರೆ ಬುಟ್ಟಿ ತುಂಬ್ತ್. ಇವ್ಳ್ ಬಲಿ ಹಾಕ್ರೆ ಒಂದ್ ಚಮ್ಚ ತುಂಬೂದಿಲ್ಲೆ." ಮೇಡಂ ಒಳಗಿನಿಂದಲೇ, "ಅಮ್ಮ, ಅರ್ಧ ಚಮ್ಚ ಸಾಕ್ ನಂಗೆ" ಎಂದರು. ಮೇಡಂ ಹುಳ ಹಿಡಿಯುವ ಕೈಬಲೆಯನ್ನು ಹೆಣೆದುಕೊಟ್ಟವರು ಅವರ ದೊಡ್ಡಣ್ಣ. ಸಮುದ್ರದ ಬಲೆಗೆ ತೇಪೆ ಹಾಕುವ ಕೈಗೆ ಅಷ್ಟು ಸಣ್ಣ ಕಣ್ಣಿನ ಬಲೆ ಹೆಣೆಯುವುದು ಕಷ್ಟವಾಗಿ, "ಇದ್ರೊಳ್ಗೆ ಗಾಳಿಯೂ ಸಿಕ್ಕಿ ಬೀಳ್ತ್" ಎಂದು ಗೊಣಗಿದ್ದರಂತೆ.

ಮೇಡಂ ಅವರ ಒಂದು ಗುಣ ನಮ್ಮ ಸ್ಟಾಫ್ ರೂಮಿನಲ್ಲಿ ಸದಾ ತಮಾಷೆಯ ವಿಷಯವಾಗಿತ್ತು. ಸಾಕಷ್ಟು ನೋಡದೆ ಅವರು ಯಾವುದನ್ನೂ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ವಾಣಿಜ್ಯ ವಿಭಾಗದವರೊಬ್ಬರು ಮಗಳಿಗೆ ಬೈಂದೂರಿನ ಹುಡುಗನೊಬ್ಬನನ್ನು ನೋಡಿದ್ದರು. ಆ ಹುಡುಗ ಮೇಡಂ ಅವರ ಹಳೆಯ ವಿದ್ಯಾರ್ಥಿ. ಹೇಗೆ ಎಂದು ಕೇಳಿದರೆ, "ಒಬ್ಬನನ್ನೇ ಕಂಡ್ ಹೇಳೂಕ್ ಆತಿಲ್ಲೆ. ಅಣ್ಣ ತಮ್ಮಂದಿರ್ ಇದ್ರಾ?" ಎಂದು ಕೇಳಿದ್ದರು. ಪ್ರಿನ್ಸಿಪಾಲರ ಮನೆಯ ಪಾಯಸ ಚೆನ್ನಾಗಿದೆಯೇ ಎಂದರೆ, ಇನ್ನೊಂದು ಲೋಟ ಕುಡಿದು ಹೇಳುತ್ತೇನೆ ಎನ್ನುತ್ತಿದ್ದರು. ಇದರಲ್ಲಿ ಸ್ವಲ್ಪ ಮಟ್ಟಿಗೆ ಪಾಯಸದ ಆಸೆಯೂ ಇತ್ತೆಂದು ನನ್ನ ಗುಮಾನಿ. ಅವರಿಗೇ ಪ್ರಿನ್ಸಿಪಾಲರಾಗುವ ಸರದಿ ಬಂದಾಗ ಮಾತ್ರ ಒಂದು ಕ್ಷಣವೂ ಯೋಚಿಸದೆ ಬೇಡವೆಂದರು. ಮಳೆಗಾಲದಲ್ಲಿ ಮೀಟಿಂಗುಗಳು ಜಾಸ್ತಿ, ತೋಡಿಗೆ ಹೋಗಲು ಬಿಡುವಾಗುವುದಿಲ್ಲ ಎನ್ನುವುದು ಅವರು ಕೊಟ್ಟ ಕಾರಣ.

ಹಲವು ವರ್ಷ ಅವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಕೆರೆ, ಅದಕ್ಕಿಂತ ದೊಡ್ಡ ಮದಗ, ಪಾರೆಯ ಬಂಡೆಯ ಮೇಲಿನ ಹೊಂಡ, ತೋಡು ಎಂದು ತಿರುಗಿದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಹವಾಯಿ ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ನೀರಿಗಿಳಿದರೆ ಅವರಿಗೆ ಊಟದ ನೆನಪಿರುತ್ತಿರಲಿಲ್ಲ. ಕೆರೆಯಲ್ಲಿ ಹುಣಸೆ ಬೀಜದಂಥ ದುಂಬಿ ಹಿಡಿಯುವುದು, ತೋಡಿನಲ್ಲಿ ಕಲ್ಲು ಮಗುಚಿ ಅದರಡಿಗೆ ಕಚ್ಚಿ ಹಿಡಿದುಕೊಂಡಿರುವ, ಎಳ್ಳಿನಷ್ಟೇ ಇರುವ ಇನ್ನೊಂದು ಬಗೆಯ ದುಂಬಿ ಹಿಡಿಯುವುದು. ಹಿಡಿದದ್ದನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಪೇಟೆಯ ಪ್ರಯೋಗಾಲಯವೊಂದರಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿನಿಗೆ ಕಳಿಸುತ್ತಿದ್ದರು. ಅವಳು ಅವುಗಳ ಡಿಎನ್‌ಎ ಓದಿ ಯಾವುದು ಯಾವುದಕ್ಕೆ ಎಷ್ಟು ಹತ್ತಿರದ ನೆಂಟ ಎಂದು ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಮೇಡಂ ಸ್ಟಾಫ್ ರೂಮಿಗೆ ಒಂದು ದೊಡ್ಡ ಪೊಟ್ಟಣ ಗೋಳಿಬಜೆ ತಂದು ಎಲ್ಲರಿಗೂ ಹಂಚಿದರು. ಎಂತ ವಿಶೇಷ ಎಂದು ಕೇಳಿದ್ದಕ್ಕೆ, "ನಮ್ಮ್ ತೋಡಿನ್ ಹುಳ ಬೇರೆಯೇ ಅಂಬ್ರ್!" ಎಂದರು. ಮಗಳಿಗೆ ಸೀಟು ಸಿಕ್ಕಿತು ಎನ್ನುವಾಗ ಜನರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

ವಿಷಯ ಇಷ್ಟು. ಕಿರಿಮಂಜೇಶ್ವರದ ಕೆರೆಯ ದುಂಬಿಗೂ ಕೊಕ್ಕರ್ಣೆಯ ಮದಗದ ದುಂಬಿಗೂ ವಂಶದಲ್ಲಿ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ಹಾರಿ ಹಾರಿ ಅವುಗಳ ಸಂಬಂಧ ಊರೆಲ್ಲ ಬೆರೆತುಹೋಗಿತ್ತು. ಒಂದು ಕೆರೆಯಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇತ್ತು. ತೋಡಿನವು ಹಾಗಲ್ಲ. ಕೊಕ್ಕರ್ಣೆಯಲ್ಲಿ ಒಂದು ಗುಡ್ಡದ ಈಚೆ ಹರಿಯುವ ತೋಡಿನದ್ದನ್ನೂ ಆಚೆ ಹರಿಯುವ ತೋಡಿನದ್ದನ್ನೂ ಪಕ್ಕಪಕ್ಕ ಇಟ್ಟರೆ ಮೇಡಂ ಅವರ ಕಣ್ಣಿಗೂ ಬೇರೆ ಕಾಣುವುದಿಲ್ಲ. ಒಳಗಿನ ಡಿಎನ್‌ಎ ನೋಡಿದರೆ, ಎಷ್ಟೋ ಕಾಲದಿಂದ ಅವು ಒಂದನ್ನೊಂದು ಕಂಡೇ ಇಲ್ಲ. "ಅಂದ್ರೆ, ಒಂದ್ ಕೆರೆ ಹಾಳಾಯ್ ಹೋರೆ ಅಲ್ಲಿದ್ ಹುಳ ಬೇರೆ ಕಡೆ ಸಿಕ್ತ್. ಒಂದ್ ತೋಡ್ ಹೋರೆ ಅಲ್ಲಿದ್ ಮತ್ತೆ ಸಿಕ್ಕೂದಿಲ್ಲೆ" ಎಂದರು ಮೇಡಂ. ನಾವು ಗೋಳಿಬಜೆ ತಿನ್ನುತ್ತಾ ತಲೆಯಾಡಿಸಿದೆವು.

ಗುಡ್ಡದ ಈಚೆಯ ಆ ತೋಡು ಹರಿಯುವುದು ನನ್ನ ಅಣ್ಣನ ಗದ್ದೆಯ ಬದಿಯಲ್ಲೇ. ಅಣ್ಣ ಕೊಕ್ಕರ್ಣೆಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಮೇಡಂ ಅಲ್ಲಿಗೆ ಹೋದಾಗಲೆಲ್ಲ ಅತ್ತಿಗೆ ಚಾ ಮಾಡಿಕೊಡುತ್ತಿದ್ದರು. ಅಣ್ಣ ದೂರದಿಂದ ನೋಡಿ, "ಇವತ್ತ್ ಎಷ್ಟ್ ಫಸಲ್ ಬಂತ್ ಮೇಡಮ್ರೆ?" ಎಂದು ಕೇಳುತ್ತಿದ್ದ. ಅಷ್ಟರ ಮಟ್ಟಿಗೆ ಸ್ನೇಹವಿತ್ತು.

ಹೀಗಿರುವಾಗ ಆ ತೋಡಿಗೆ ಕಾಂಕ್ರೀಟಿನ ಕಾಮಗಾರಿ ಮಂಜೂರಾಯಿತು. ಎರಡು ಬದಿಗೂ ಗೋಡೆ, ಅಡಿಗೂ ಹಾಸು. ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಓಡಾಡಿದವನು ನನ್ನ ಅಣ್ಣನೇ. ನಾನು ಬಸ್ಸಿನಲ್ಲಿ ಮೇಡಂಗೆ ಸುದ್ದಿ ಹೇಳಿದೆ. ಆ ಭಾನುವಾರ ನನ್ನನ್ನು ಕರೆದುಕೊಂಡು ಕೊಕ್ಕರ್ಣೆಗೆ ಹೊರಟರು.

ಜಗಲಿಯಲ್ಲಿ ಕೂತು ಮೇಡಂ ನೇರವಾಗಿ ವಿಷಯಕ್ಕೆ ಬಂದರು. "ಅಣ್ಣ, ಅಡಿಗೆ ಕಾಂಕ್ರೀಟ್ ಹಾಕ್ರೆ ತೋಡಿನ್ ಹುಳ ಉಳೂದಿಲ್ಲೆ."

"ಅದ್ಕೆ ಎಂತ ಆಯ್ಕ್ ಮೇಡಮ್ರೆ? ನಾಲ್ಕ್ ದಿನ ಆಚೆ ತೋಡಿನೊಳ್ಗ್ ಇದ್ದ್, ಕೆಲ್ಸ ಮುಗ್ದ್ ಮೇಲೆ ಬತ್ತೊ."

"ಬಪ್ದಿಲ್ಲೆ. ಅವ್ಕ್ ಹಾರೂಕೇ ಬತ್ತಿಲ್ಲೆ." ಅಷ್ಟು ಹೇಳಿದವರು ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದು ಗುಟುಕು ಚಾ ಕುಡಿದು, "ಸಮಾ ಹೇಳ್ಕಂದ್ರೆ, ಬತ್ತ್. ಆರೆ ಬಾಳ ಕಮ್ಮಿ" ಎಂದು ಸೇರಿಸಿದರು.

"ಬತ್ತಾ, ಬತ್ತಿಲ್ಯಾ? ಒಂದ್ ಹೇಳಿ" ಎಂದ ಅಣ್ಣ. ನಾನು ಅತ್ತಿಗೆಯ ಮುಖ ನೋಡಿದೆ, ಅತ್ತಿಗೆ ಚಾದ ಲೋಟ ನೋಡಿದರು.

ಆಮೇಲೆ ಅಣ್ಣ ಎದ್ದು, "ಬನ್ನಿ, ಒಂದ್ ತೋರಿಸ್ತೆ" ಎಂದು ನಮ್ಮನ್ನು ತೋಡಿನ ಬದಿಗೆ ಕರೆದುಕೊಂಡು ಹೋದ. ಹಿಂದಿನ ವಾರದ ಮಳೆಗೆ ಗದ್ದೆಯ ಅಂಚು ಕುಸಿದು ತೋಡಿಗೆ ಬಿದ್ದಿತ್ತು. ನೆಟ್ಟು ಹೆಚ್ಚು ದಿನವಾಗದ ಸಸಿಗಳ ಒಂದು ಸಾಲು ಬೇರು ಹೊರಗೆ ಬಿಟ್ಟುಕೊಂಡು ನೀರಿನ ಮೇಲೆ ನೇತಾಡುತ್ತಿತ್ತು. "ಪ್ರತಿ ವರ್ಷ ಹೀಂಗೇ. ನನ್ನ್ ಗದ್ದೆ ಸಣ್ಣ ಆತಾ ಬತ್ತ್. ನಿಮ್ಮ್ ಹುಳಕ್ಕೆ ಜಾಗ ಬೇಕ್ ಅಂಬ್ರಿ. ನಂಗ್ ಬ್ಯಾಡ್ದಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಮೇಡಂ ಕೈಚಾಚಿ ಆ ಸಸಿಗಳ ಬೇರು ಮುಟ್ಟಿ ನೋಡಿದರು. ಅಷ್ಟು ವರ್ಷ ಅದೇ ತೋಡಿಗೆ ಬಂದವರು ಯಾವಾಗಲೂ ಬಗ್ಗಿ ಕಲ್ಲಿನಡಿ ನೋಡಿದ್ದರೇ ಹೊರತು ತಲೆಯೆತ್ತಿ ಗದ್ದೆಯ ಅಂಚು ನೋಡಿರಲಿಲ್ಲ. "ನಾನ್ ಇದನ್ನ ಕಾಣ್ಲೇ ಇಲ್ಲೆ ಅಣ್ಣ" ಎಂದರು. "ಗೋಡೆ ಕಟ್ಟ್ಲೇ ಬೇಕ್. ಅಡಿ ಮಾತ್ರ ಬಿಡೂಕ್ ಆತ್ತಾ ಕೇಂಬ."

ಕೇಳಿದ್ದೂ ಆಯಿತು. ಆಗಿದ್ದ ಎಂಜಿನಿಯರರು ಸೌಮ್ಯವಾಗಿಯೇ ಆಗುವುದಿಲ್ಲ ಎಂದರು. ಮಂಜೂರಾದ ನಕ್ಷೆಯಲ್ಲಿ ಅಡಿಯೂ ಸೇರಿದೆ, ಬದಲಾಯಿಸಿದರೆ ಇಡೀ ಕೆಲಸ ನಿಲ್ಲುತ್ತದೆ. ಸಮಾಧಾನದ ವಿಷಯವೆಂದರೆ ಗದ್ದೆಯ ಮೇಲ್ಗಡೆ ತೋಡಿಗಿರುವ ತಿರುವಿನಿಂದ ಮೇಲಿನ ಭಾಗ ಈ ಹಂತದಲ್ಲಿ ಸೇರಿಲ್ಲ. ಅದು ಮುಂದಿನ ಹಂತಕ್ಕೆ.

ಕೆಲಸ ಶುರುವಾಗುವ ದಿನ ಮೇಡಂ ಬೆಳಕು ಹರಿಯುವಾಗಲೇ ತೋಡಿನಲ್ಲಿದ್ದರು. ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಹುಳ ಸಮೇತ ಬಕೆಟ್ಟಿನಲ್ಲಿಟ್ಟು, ತಿರುವಿನ ಮೇಲಕ್ಕೆ ಸಾಗಿಸುವುದು ಅವರ ಯೋಜನೆ. ಹೊರುವ ಕೆಲಸಕ್ಕೆ ಸಿಕ್ಕಿದವನು ನಾನು. ಹಳಗನ್ನಡ ಪಾಠ ಮಾಡುವ ಮನುಷ್ಯ ಲುಂಗಿ ಎತ್ತಿ ಕಟ್ಟಿ ಕಲ್ಲು ಹೊರುವುದನ್ನು ನೋಡಲು ಊರಿನ ಕೆಲವರು ದಡದಲ್ಲಿ ಸೇರಿದ್ದರು. ಇಷ್ಟೆಲ್ಲ ಹೊರುತ್ತಿರುವಾಗಲೇ ಮೇಡಂ, "ಹೀಂಗೆ ಸಾಗ್ಸದ್ದ್ ಬದುಕ್ತ್ ಅಂತ ಹೇಳೂಕ್ ಆತಿಲ್ಲೆ ಮಾಷ್ಟ್ರೆ" ಎಂದು ನನ್ನ ಉತ್ಸಾಹಕ್ಕೆ ನೀರು ಸುರಿದರು.

ಜೆಸಿಬಿ ಬಂತು. ಮೇಡಂ ಕೈಯೆತ್ತಿ ಅದನ್ನು ನಿಲ್ಲಿಸಿ ಇನ್ನೊಂದು ಕಲ್ಲೆತ್ತಿದರು. ಮತ್ತೆ ಕೈಯೆತ್ತಿ ಮತ್ತೊಂದು ಎತ್ತಿದರು. ಡ್ರೈವರ್ ಪಾಪ, ಎಂಜಿನ್ ಆರಿಸಿ ಕೂತ. ಕೊನೆಗೆ ಅಣ್ಣನೇ ನೀರಿಗಿಳಿದು, ಅವರ ಕೈಯಿಂದ ಬಕೆಟ್ ತೆಗೆದುಕೊಂಡು, "ಸಾಕ್ ಮೇಡಮ್ರೆ, ಮೇಲೆ ಬನ್ನಿ" ಎಂದ. ಅವರು ಬಂದರು. ಜೆಸಿಬಿಯ ಕೈ ತೋಡಿಗೆ ಇಳಿಯುವಾಗ ಮಾತ್ರ ಮುಖ ತಿರುಗಿಸಿ ಗದ್ದೆಯ ಕಡೆ ನೋಡುತ್ತಾ ನಿಂತರು.

ಮುಂದಿನ ಮಳೆಗಾಲದಲ್ಲಿ ಅಣ್ಣನ ಗದ್ದೆಯ ಅಂಚು ಕುಸಿಯಲಿಲ್ಲ. ಅವನು ಖುಷಿಯಾಗಿದ್ದ. ಆದರೆ ನುಣುಪಾದ ಕಾಂಕ್ರೀಟಿನ ಮೇಲೆ ಓಡಿ ಬಂದ ನೀರು ಗೋಡೆ ಮುಗಿಯುವಲ್ಲಿ ರಭಸದಿಂದ ನೆಲಕ್ಕೆ ಬಡಿದು, ಅವನದೇ ಕೆಳಗಿನ ಗದ್ದೆಯನ್ನು ದೊಡ್ಡ ಬಾಯಿ ಹಾಕಿ ಕಚ್ಚಿತು. ಬೇಸಗೆ ಬಂದಾಗ, ಹಾಸಿನಡಿಗೆ ನೀರು ಇಂಗದೆ, ತೋಡಿನ ಪಕ್ಕದ ಬಾವಿ, ಅಷ್ಟು ವರ್ಷ ಬತ್ತದ ಬಾವಿ, ತಳ ತೋರಿಸಿತು. ತಾನೇ ಓಡಾಡಿ ತಂದ ಗೋಡೆ, ಅಣ್ಣ ದೂರುವುದಾದರೂ ಯಾರನ್ನು?

ಮೇಡಂ ಮಾತ್ರ ಬರುತ್ತಲೇ ಇದ್ದರು, ನಿವೃತ್ತರಾದ ಮೇಲೂ ಬಂದರು. ಕಾಂಕ್ರೀಟಿನ ಮೇಲೆ ಅಲ್ಲಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮರಿ ಬಂದಿತ್ತು, ಹುಣಸೆ ಬೀಜದಂಥ ಕೆರೆ ದುಂಬಿಯೂ ಎಲ್ಲಿಂದಲೋ ಹಾರಿ ಬಂದು ಸಂಸಾರ ಹೂಡಿತ್ತು. ಎಳ್ಳಿನಂಥವು ಒಂದೂ ಬರಲಿಲ್ಲ. ತಿರುವಿನ ಮೇಲೆ, ಹತ್ತು ಮಾರು ದೂರದಲ್ಲಿ, ಕಲ್ಲಿನಡಿಗೆ ಅವು ಇದ್ದೇ ಇದ್ದವು. ಕೆಳಗೆ ಬರಲಿಲ್ಲ. ಅಣ್ಣ ದಡದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಮೊದಲಿನಂತೆ ಫಸಲಿನ ಮಾತು ಕೇಳುತ್ತಿರಲಿಲ್ಲ. ಒಂದು ದಿನ ತಾನಾಗಿಯೇ, "ಬಂದೊ?" ಎಂದು ಕೇಳಿದನಂತೆ. ಇಲ್ಲ ಎಂದರಂತೆ ಮೇಡಂ.

ಈ ವರ್ಷ ಎರಡನೇ ಹಂತದ ಮಾತು ಬಂತು. ಅಣ್ಣ ನನಗೆ ಫೋನ್ ಮಾಡಿ, "ನಾಳೆ ಹೊಸ ಎಂಜಿನಿಯರ್ ಬತ್ರಂಬ್ರ್. ಮೇಡಮ್ರನ್ನ ಕರ್ಕಂಡ್ ಬಾ" ಎಂದ.

ಎಂಜಿನಿಯರ್ ಘಟ್ಟದ ಮೇಲಿನ ಊರಿನ ಹುಡುಗ, ಕೆಲಸಕ್ಕೆ ಹೊಸಬ. ಅಣ್ಣ ತಿರುವಿನಲ್ಲಿ ಅಡ್ಡ ನಿಂತು, ತನಗೆ ಬರುವ ಅತ್ಯುತ್ತಮ ಪುಸ್ತಕದ ಕನ್ನಡದಲ್ಲಿ ಶುರು ಮಾಡಿದ. "ಸರ್, ಇಲ್ಲಿಂದ ಮೇಲೆ ಮುಟ್ಟಬಾರದು. ಇಲ್ಲಿರುವ ಹುಳ ಪ್ರಪಂಚದಲ್ಲಿ ಬೇರೆ ಎಲ್ಲಿಯೂ ಇಲ್ಲ!"

"ಪ್ರಪಂಚ ಅಂತ ಹೇಳಲಿಕ್ಕೆ ಆಗುವುದಿಲ್ಲ" ಎಂದರು ಮೇಡಂ. "ನಾನು ನೋಡಿದ ತೋಡುಗಳಲ್ಲಿ ಇಲ್ಲ."

"ಅಂದರೆ ನೀವು ನೋಡದ ಕಡೆ ಇರಬಹುದು?" ಎಂದ ಹುಡುಗ.

"ಇರಬಹುದು."

ಅಣ್ಣ ಹಣೆಗೆ ಕೈ ಹಚ್ಚಿದ. "ಮೇಡಮ್ರೆ, ಬಿಸಿಲ್ ಜೋರಿತ್ತ್. ನೀವ್ ಒಂದ್ ಗಳ್ಗಿ ಆ ಮರದ ಬುಡಕ್ಕೆ ಕೂಕಣಿ, ಕಾಂಬ."

ಮೇಡಂ ಹೋಗಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದರು. ಒಂದು ಕಲ್ಲು ಎತ್ತಿ, ಮಗುಚಿ, ಹುಡುಗನ ಕೈಗೆ ಭೂತಗನ್ನಡಿ ಕೊಟ್ಟರು. ಅವನು ಬಗ್ಗಿದ. ಎಳ್ಳಿನಂಥ ಜೀವವೊಂದು ತನ್ನ ದೇಹಕ್ಕೆ ಹೆಚ್ಚೆನಿಸುವಷ್ಟು ಉದ್ದದ ಕಾಲುಗಳಿಂದ ಕಲ್ಲನ್ನು ಅಪ್ಪಿ ಹಿಡಿದಿತ್ತು. "ಬೇರೆ ಎಲ್ಲಿ ಉಂಟೋ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಹೋದರೆ ಇಲ್ಲಿಗೆ ಮತ್ತೆ ಬರುವುದಿಲ್ಲ. ಇದು ಅಂದಾಜಿನ ಮಾತಲ್ಲ. ಕೆಳಗೆ ಗೋಡೆಯಾದ ದಿನದಿಂದ ನಾನು ಕಾಯುತ್ತಿದ್ದೇನೆ. ಬರಲಿಲ್ಲ" ಎಂದರು. ಅವರು ಒಂದು ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹುಡುಗನಿಗೂ ಹಾಗೆಯೇ ಅನಿಸಿರಬೇಕು. ಭೂತಗನ್ನಡಿ ವಾಪಸು ಕೊಡಲು ಮರೆತು, ಕೆಳಗೆ ಹೋಗಿ ಖಾಲಿ ಕಾಂಕ್ರೀಟನ್ನೂ ಕೊಚ್ಚಿ ಹೋದ ಗದ್ದೆಯನ್ನೂ ನೋಡಿ ಬಂದ. ಮೇಲಿನ ಭಾಗ ಕೈಬಿಟ್ಟು, ಕೊರೆತದ ಜಾಗಕ್ಕೆ ಮಾತ್ರ ಕಲ್ಲು ಪೇರಿಸಲು ಬರೆಯುತ್ತೇನೆ ಎಂದ. ಬರೆದ ಕೂಡ. ಮಳೆಗೆ ಮುಂಚೆ ಕಲ್ಲು ಬಂತು, ಮೇಲಿನ ತೋಡು ಇದ್ದ ಹಾಗೆಯೇ ಉಳಿಯಿತು.

ಅವನ ಜೀಪು ಹೋದ ಮೇಲೆ ಮೇಡಂ ಸ್ವಲ್ಪ ಮುನಿಸಿನಿಂದಲೇ ಅಣ್ಣನನ್ನು ಕೇಳಿದರು. "ಬಾವಿ ಬತ್ತಿದ್ ವಿಷಯ ನೀವ್ ಎಂತಕೆ ಹೇಳ್ಲಿಲ್ಲೆ? ಅದ್ ಗಟ್ಟಿ ಕಾರಣ ಅಲ್ದಾ? ಅದ್ ಬಿಟ್ಟ್ ಹುಳದ್ದ್ ಹೇಳ್ದ್ರಿ, ಅದೂ ತಪ್ಪ್ ಹೇಳ್ದ್ರಿ."

"ಬಾವಿ ಅಂದ್ರೆ ಬೋರ್ ಹೊಡ್ಸಿ ಕೊಟ್ಟ್ ಗೋಡೆ ಕಟ್ತ್ರ್ ಮೇಡಮ್ರೆ" ಎಂದ ಅಣ್ಣ. "ಹುಳಕ್ಕೆ ಎಂತ ಹೊಡ್ಸಿ ಕೊಡ್ತ್ರ್?"

ಮೇಡಂ ಮೊದಲು ಅವನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ನಿಲ್ಲಲಾರದೆ ನೀರಿನ ನಡುವಿನ ಒಂದು ಕಲ್ಲಿನ ಮೇಲೆ ಕೂತೇ ಬಿಟ್ಟರು. ಮರುಕ್ಷಣ ಏನೋ ಹೊಳೆದಂತಾಗಿ ಧಡಕ್ಕನೆ ಎದ್ದು, ಒದ್ದೆ ಸೀರೆಯಲ್ಲೇ ಬಗ್ಗಿ, ಕೂತ ಕಲ್ಲನ್ನು ಮಗುಚಿ ಅಡಿಯಲ್ಲಿದ್ದವೆಲ್ಲ ಕ್ಷೇಮವೇ ಎಂದು ನೋಡತೊಡಗಿದರು.